ಜುಮ್ಮೆನ್ನುತ್ತಿದ್ದ ಪೆಟ್ಟಿಗೆ

ಹೋದ ವರ್ಷ ಆಷಾಢದಲ್ಲಿ ಒಂದು ಬೆಳಿಗ್ಗೆ ತಿಂಡಿಗೆ ಕೂತಿದ್ದಾಗ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಸೈಟು ಮಾರುವವರಿರಬೇಕು ಎಂದುಕೊಂಡು, ಬೈಯಲು ನಾಲಿಗೆ ಹದ ಮಾಡಿಕೊಂಡೇ ಎತ್ತಿದೆ. ಆ ಕಡೆ ಒಬ್ಬ ಹುಡುಗಿಯ ದನಿ.

“ದೊಡ್ಡಪ್ಪಾರ, ನಾನ್ರಿ. ನಿಮ್ಮ ಮ್ಯಾಲಿನ ಮನ್ಯಾಗ ಬಾಡಿಗಿ ಇದ್ವಲ್ರಿ, ಅವರ ಮಗಳು.”

ಚಮಚದಲ್ಲಿದ್ದ ಉಪ್ಪಿಟ್ಟು ಬಾಯಿಗೆ ಹೋಗಲಿಲ್ಲ. ಹನ್ನೊಂದು ವರ್ಷದಿಂದ ಆ ಮನೆಯವರು ನನಗೆ ಫೋನ್ ಮಾಡಿರಲಿಲ್ಲ, ನಾನೂ ಮಾಡಿರಲಿಲ್ಲ. ಅವರೇಕೆ ಮಾಡಲಿಲ್ಲ ಎಂದು ನಾನು ಯೋಚಿಸಿದವನಲ್ಲ. ನಾನೇಕೆ ಮಾಡಲಿಲ್ಲ ಎಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು.

ಕೊನೆಯ ಸಲ ನೋಡಿದಾಗ ಅವಳಿಗೆ ಏಳು ವರ್ಷ, ಮುಂದಿನ ಎರಡು ಹಲ್ಲು ಬಿದ್ದಿದ್ದವು. ಈಗ ಕೆಂಗೇರಿ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿಗೆ ಸೇರಿ ಅಲ್ಲೇ ಒಂದು ಪಿ.ಜಿ. ಹಾಸ್ಟೆಲಿನಲ್ಲಿದ್ದಾಳಂತೆ. ಕಾಲೇಜಿನಲ್ಲಿ ಡ್ರೋನ್ ಹಾರಿಸುವ ಗುಂಪಿದೆಯಂತೆ, ಅದಕ್ಕೂ ಸೇರಿದ್ದಾಳಂತೆ. ಬ್ಯಾಟರಿಗೆ ಒಂದು ಒಳ್ಳೆಯ ಚಾರ್ಜರ್ ತಂದುಕೊಂಡಿದ್ದಾಳೆ. ಆ ಚಾರ್ಜರ್‌ಗೆ ಕರೆಂಟು ಯಾವುದರಿಂದ ಕೊಡುವುದು ಎಂದು ಕೇಳಲು ಫೋನ್ ಮಾಡಿದ್ದಳು.

“ಅಪ್ಪಗ ನೀವ ಎಲ್ಲಾ ಕಲಿಸಿದ್ರಂತ ಅವ್ವ ಹೇಳ್ತಾಳ್ರಿ. ಅದಕ್ಕ ನಿಮ್ಮನ್ನ ಕೇಳೋಣಂತ,” ಎಂದಳು.

ಗೊತ್ತಿಲ್ಲದವರಿಗೆ ಹೇಳಬೇಕು, ಇದು ಮೊಬೈಲ್ ಚಾರ್ಜರ್‌ನಂಥದಲ್ಲ. ಆಟಿಕೆ ವಿಮಾನ, ಡ್ರೋನ್ ಹಾರಿಸುವವರ ಒಳ್ಳೆಯ ಚಾರ್ಜರುಗಳು ಎಷ್ಟೋ ಸಲ ಗೋಡೆಯ ಪ್ಲಗ್ಗಿಗೆ ನೇರವಾಗಿ ಹೋಗುವುದಿಲ್ಲ. ಅವಕ್ಕೆ ಹನ್ನೆರಡು ವೋಲ್ಟಿನ ಆಸುಪಾಸು ಸಾಕು, ಆದರೆ ಧಾರಾಳವಾಗಿ ಬೇಕು. ಗೋಡೆಯ ಇನ್ನೂರ ಮೂವತ್ತು ವೋಲ್ಟನ್ನು ಇಳಿಸಿಕೊಡುವ ಪೆಟ್ಟಿಗೆಯೊಂದು ನಡುವೆ ಇರಬೇಕು. ಯಾವ ಪೆಟ್ಟಿಗೆ ಎಂಬುದರ ಬಗ್ಗೆ ಈ ಹವ್ಯಾಸದ ಗಂಡಸರು ಜಗಳವಾಡಿದಷ್ಟು ಅಣ್ಣತಮ್ಮಂದಿರು ಆಸ್ತಿಗೂ ಆಡುವುದಿಲ್ಲ. ಒಬ್ಬ ಹಳೆಯ ಕಾರಿನ ಬ್ಯಾಟರಿಯೇ ಸರಿ ಎನ್ನುತ್ತಾನೆ, ಆಸಿಡ್ ಚೆಲ್ಲಿ ಹೆಂಡತಿಯ ಸೀರೆ ತೂತಾದ ಮೇಲೂ ಅದನ್ನೇ ಎನ್ನುತ್ತಾನೆ. ಇನ್ನೊಬ್ಬನಿಗೆ ಹಳೆಯ ಕಂಪ್ಯೂಟರಿನಿಂದ ಬಿಚ್ಚಿದ ಡಬ್ಬಿ. ಮತ್ತೊಬ್ಬ ಅಂಗಡಿ ಬೋರ್ಡಿನ ದೀಪಗಳಿಗೆ ಹಾಕುವ ತೂತುತೂತಿನ ತಗಡಿನ ಡಬ್ಬಿ ತರುತ್ತಾನೆ; ಗೋಡೆಯ ಕರೆಂಟು ಬರುವ ಅದರ ಮೇನ್ಸ್ ಸ್ಕ್ರೂಗಳು ಹೊರಗೇ ಹಲ್ಲು ಕಿರಿದುಕೊಂಡಿರುತ್ತವೆ. ಜಾಣರೆನಿಸಿಕೊಂಡ ನನ್ನಂಥವರು ಗುಜರಿ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಿ, ದೊಡ್ಡ ಕಂಪ್ಯೂಟರ್ ಸರ್ವರುಗಳಿಂದ ಬಿಚ್ಚಿದ ಉದ್ದನೆಯ ಕಬ್ಬಿಣದ ಪೆಟ್ಟಿಗೆ ಆರಿಸಿ ತರುತ್ತಿದ್ದೆವು. ಗಟ್ಟಿ ಮಾಲು. ಹಗಲೂ ರಾತ್ರಿ ವರ್ಷಗಟ್ಟಲೆ ದುಡಿದರೂ ಕೆಮ್ಮದ ಮಾಲು.

ಅದನ್ನೆಲ್ಲ ನಾನು ಅವಳಿಗೆ ಹೇಳಲಿಲ್ಲ. “ಹೊಸದು ತಗೋ ಮರಿ. ಮುಚ್ಚಿದ ಡಬ್ಬಿ ಇರಬೇಕು, ಮೂರು ಪಿನ್ನಿರಬೇಕು, ಗುಜರೀದು ಬೇಡವೇ ಬೇಡ,” ಎಂದೆ. ಅವಳು ಹ್ಞೂಂ ಹ್ಞೂಂ ಎಂದು ಬರೆದುಕೊಳ್ಳುತ್ತಿರುವುದು ಕೇಳಿಸಿತು. ಆಮೇಲೆ ಕೇಳಿದಳು.

“ಅಪ್ಪಂದೊಂದು ಪೆಟ್ಟಿಗಿ ಇತ್ತಲ್ರಿ. ಊರಿಗೆ ಬಂದ ಸಾಮಾನಿನ್ಯಾಗ ಅದೊಂದು ಇರ್ಲಿಲ್ಲಂತ್ರಿ. ನಿಮ್ಮ ಕಡೆ ಐತೇನ್ರಿ? ಅದನ್ನ ನಾ ಇಟ್ಕೋತೀನ್ರಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕಣ್ಣು ತಾನಾಗಿ ಅಟ್ಟದ ಕಡೆ ಹೋಯಿತು. ಹುಡುಕಿ ನೋಡುತ್ತೇನೆ ಎಂದೆ. ಶನಿವಾರ ಮಧ್ಯಾಹ್ನ ಬರುತ್ತೇನೆ ಎಂದು ಅವಳು ಫೋನ್ ಇಟ್ಟಳು. ಹುಡುಕುವುದೇನೂ ಇರಲಿಲ್ಲ. ಅಟ್ಟದ ಯಾವ ಮೂಲೆಯಲ್ಲಿ, ಯಾವ ಹಳೆಯ ದಿಂಬಿನ ಕವರಿನೊಳಗೆ ಅದು ಇದೆಯೆಂದು ನನಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತು.

ಅವಳ ಅಪ್ಪ ಗದಗದ ಕಡೆಯವನು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನಾನು ಟೂಲ್ ರೂಮ್ ಫಿಟ್ಟರ್ ಆಗಿದ್ದ ಸಣ್ಣ ಕಾರ್ಖಾನೆಗೆ ಮೆಷಿನ್ ಆಪರೇಟರ್ ಆಗಿ ಬಂದ. ಬಸವೇಶ್ವರನಗರದ ನಮ್ಮ ಮನೆಯ ಮೇಲಿನ ಪೋರ್ಷನ್ ಆಗ ಖಾಲಿ ಇತ್ತು. ಒಂದು ಹಾಲು, ಒಂದು ಅಡುಗೆ ಮನೆ, ಅಷ್ಟೇ. ಹೆಂಡತಿ, ಅವಳ ಕಂಕುಳಲ್ಲಿ ಮಗು, ಒಂದು ದೊಡ್ಡ ಡಬ್ಬಿ ಜೋಳದ ಹಿಟ್ಟು, ಇಷ್ಟರೊಂದಿಗೆ ಬಂದು ಸೇರಿಕೊಂಡ. ನನಗಿಂತ ಹದಿನೈದು ವರ್ಷ ಚಿಕ್ಕವನು. ನನ್ನನ್ನು ಅಣ್ಣಾರ ಎನ್ನುತ್ತಿದ್ದ.

ನನಗೆ ಜನ ಬೇಗ ಹಿಡಿಸುವುದಿಲ್ಲ. ಇವನು ಹಿಡಿಸಿದ. ಆಟಿಕೆ ವಿಮಾನ ಕಟ್ಟಿ ಹಾರಿಸುವ ನನ್ನ ಹುಚ್ಚು ನಮ್ಮ ಮನೆಯಲ್ಲಿ ಬರೀ ಹುಚ್ಚೇ ಆಗಿತ್ತು. ಇವನು ಬಂದ ಎರಡನೆಯ ವಾರ ತಾರಸಿಯಲ್ಲಿ ಒಣಗಲಿಟ್ಟಿದ್ದ ರೆಕ್ಕೆಯನ್ನು ಎತ್ತಿ ಬೆರಳ ಮೇಲೆ ತೂಗಿ, “ಅಣ್ಣಾರ, ಇದು ಬಲಕ್ಕ ವಜ್ಜಿ ಐತ್ರಿ,” ಎಂದ. ತೂಗಿ ನೋಡಿದೆ. ಬಲಕ್ಕೆ ಭಾರವೇ ಇತ್ತು. ನನಗೆ ಸಿಟ್ಟೂ ಬಂತು, ಸಂತೋಷವೂ ಆಯಿತು. ಅಂದಿನಿಂದ ಭಾನುವಾರ ಬೆಳಿಗ್ಗೆ ನನ್ನ ಸ್ಕೂಟರಿನ ಹಿಂದೆ ಅವನು, ಅವನ ತೊಡೆಯ ಮೇಲೆ ವಿಮಾನ, ಕೆಂಗೇರಿ ದಾಟಿ ಒಂದು ಬಯಲಿಗೆ ಹೋಗುತ್ತಿದ್ದೆವು. ಇಳಿಸುವಾಗ ಅವನು ವಿಮಾನದ ಜೊತೆ ಮಾತಾಡುತ್ತಿದ್ದ, “ಬಾ ನಮ್ಮಪ್ಪ, ಹಗೂರಕ ಬಾ,” ಎಂದು. ನನಗೆ ತಮ್ಮ ಇಲ್ಲ. ಇದ್ದಿದ್ದರೆ ಹೀಗೇ ಇರುತ್ತಿದ್ದ ಎಂದುಕೊಂಡಿದ್ದೆ.

ಅವನು ತನ್ನದೇ ವಿಮಾನ ಕಟ್ಟಿಕೊಂಡಾಗ ಚಾರ್ಜರ್‌ಗೆ ಪೆಟ್ಟಿಗೆ ಮಾಡಿಕೊಟ್ಟವನು ನಾನು. ಸರ್ವರ್ ಪೆಟ್ಟಿಗೆ ಆರಿಸಿ ತಂದು, ಸದ್ದು ಮಾಡುತ್ತಿದ್ದ ಫ್ಯಾನ್ ತೆಗೆದು ಬೇರೆ ಹಾಕಿ, ಮುಚ್ಚಳ ಕೂರಿಸಿದೆ. ಹೊಸ ಫ್ಯಾನು ಒಂದು ಕೂದಲೆಳೆ ಎತ್ತರವಿತ್ತು, ಮುಚ್ಚಳ ಬಿಗಿಯಾಯಿತು. ಬಿಗಿಯಾದಷ್ಟೂ ಒಳ್ಳೆಯದೇ ಎಂದು ಒತ್ತಿ ಹಿಡಿದು ಸ್ಕ್ರೂ ಬಿಗಿದೆ. ಆಯುಧಪೂಜೆಯ ದಿನ ಅವನಿಗೆ ಕೊಟ್ಟೆ. ಅವನು ಅದಕ್ಕೆ ವಿಭೂತಿ ಹಚ್ಚಿದ.

“ಮೂರು ಪಿನ್ನಿಂದು ಕಣಯ್ಯ, ಅರ್ತಿಂಗ್ ಇದೆ. ಕಣ್ಣುಮುಚ್ಕೊಂಡು ಬಳಸು,” ಎಂದು ನಾನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ.

ಈಗ ಅರ್ತಿಂಗಿನ ಕಥೆ ಹೇಳಬೇಕು. ನಮ್ಮ ಮನೆ ಕಟ್ಟಿಸಿದ್ದು ನನ್ನ ಅಪ್ಪ. ಕಾಂಪೌಂಡಿನ ಮೂಲೆಯಲ್ಲಿ ಗುಂಡಿ ತೋಡಿಸಿ, ಉಪ್ಪು ಇದ್ದಿಲು ತುಂಬಿಸಿ, ನಡುವೆ ಪೈಪು ನೆಡಿಸಿದ್ದರು. ಮನೆಯ ಎಲ್ಲ ಪ್ಲಗ್ಗುಗಳ ಮೂರನೆಯ ತೂತಿನ ತಂತಿ ಅಲ್ಲಿಗೆ ಹೋಗಿ ನೆಲಕ್ಕೆ ಸೇರುತ್ತದೆ. ಯಾವುದಾದರೂ ಯಂತ್ರ ಕೆಟ್ಟು ಅದರ ಮೈಗೆ ಕರೆಂಟು ಬಂದರೆ, ಅದು ಮನುಷ್ಯನನ್ನು ಬಿಟ್ಟು ಭೂಮಿಗೆ ಇಳಿಯಲಿ ಎಂದು ಈ ವ್ಯವಸ್ಥೆ. ಗುಂಡಿ ಒಣಗಿದರೆ ಇಳಿಯುವುದಿಲ್ಲ. ಅದಕ್ಕೇ ಅಪ್ಪ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಅದಕ್ಕೆ ಒಂದು ಬಿಂದಿಗೆ ನೀರು ಹಾಕುತ್ತಿದ್ದರು. ತುಳಸಿಗೆ ಅಮ್ಮ, ಗುಂಡಿಗೆ ಅಪ್ಪ. ಕುಡಿಯಲು ನೀರಿಲ್ಲದ ವರ್ಷವೂ ಅವರು ತಪ್ಪಿಸಲಿಲ್ಲ, ನಾವು ಬೈಯುವುದನ್ನೂ ತಪ್ಪಿಸಲಿಲ್ಲ.

ಅಪ್ಪ ಹೋದ ಮೇಲೆ ನಾನು ಕಾಂಪೌಂಡಿಗೆ ಪಾರ್ಕಿಂಗ್ ಟೈಲ್ಸ್ ಹಾಕಿಸಿದೆ, ಸ್ಕೂಟರುಗಳು ನಿಲ್ಲಲಿ ಎಂದು. ಗುಂಡಿಯ ಮೇಲೆ ಒಂದು ಮುಚ್ಚಳ ಬಿಡೋಣ ಸಾರ್ ಎಂದು ಮೇಸ್ತ್ರಿ ಹೇಳಿದ. ಅಂದವಾಗಿ ಕಾಣಲ್ಲ, ಮುಚ್ಚಿಬಿಡು ಎಂದೆ. ಮುಚ್ಚಿದ. ಎರಡು ಬೇಸಿಗೆ ಕಳೆಯಿತು. ಗೋಡೆಯಲ್ಲಿ ಮೂರು ತೂತು ಮೂರೂ ಇದ್ದವು, ಪ್ಲಗ್ಗು ಗಟ್ಟಿಯಾಗಿ ಕೂರುತ್ತಿತ್ತು. ಮೂರನೆಯದು ಎಲ್ಲಿಗೂ ಹೋಗುತ್ತಿರಲಿಲ್ಲ. ಒಂದು ಯಂತ್ರದ ಮೈಗೆ ಕರೆಂಟು ಬಂದರೆ ಅದೇ ತಂತಿ ಹಿಡಿದು ಉಳಿದವುಗಳ ಮೈಗೂ ಬರುವಂತಾಗಿತ್ತು.

ಮೊದಲು ಹೇಳಿದ್ದು ನನ್ನ ಹೆಂಡತಿ. “ರೀ, ಫ್ರಿಡ್ಜ್ ಮುಟ್ಟಿದ್ರೆ ಜುಮ್ ಅಂತಿದೆ. ಯಾವಾಗ್ಲೂ ಅಲ್ಲ, ಮೇಲಿನವರು ಆ ಬ್ಯಾಟ್ರಿ ಚಾರ್ಜಿಗೆ ಹಾಕ್ದಾಗ.”

“ಚಪ್ಪಲಿ ಹಾಕ್ಕೊಂಡು ಮುಟ್ಟು,” ಎಂದೆ ಪೇಪರಿನಿಂದ ಕಣ್ಣೆತ್ತದೆ.

“ಅಡಿಗೆ ಮನೇಲಿ ಚಪ್ಪಲಿನಾ? ನಾನೇನ್ ಹೋಟ್ಲು ನಡೆಸ್ತಿದೀನಾ?”

ಹಾಗಾದರೆ ಮಣೆ ಹಾಕಿಕೋ ಎಂದೆ. ಊಟಕ್ಕೆ ಕೂರುವ ಮರದ ಮಣೆ, ಊಟ ಟೇಬಲ್ಲಿಗೆ ಹೋದ ಮೇಲೆ ಕೆಲಸವಿಲ್ಲದೆ ಬಿದ್ದಿದ್ದವು ನಾಲ್ಕು. ಒಂದನ್ನು ಫ್ರಿಡ್ಜಿನ ಮುಂದೆ ಹಾಕಿದೆವು. ಅದರ ಮೇಲೆ ನಿಂತು ಬಾಗಿಲು ತೆಗೆದರೆ ಏನೂ ಆಗುತ್ತಿರಲಿಲ್ಲ. ಕರೆಂಟು ಮಾತ್ರ ಇದ್ದ ಕಡೆಯೇ ಇತ್ತು.

ಕೆಲವು ದಿನಕ್ಕೆ ಮೇಲಿನವನೂ ಬಂದ. “ಅಣ್ಣಾರ, ಪೆಟ್ಟಿಗಿ ಮುಟ್ಟಿದ್ರ ಕೈ ಜುಂ ಅಂತೈತಿ.” ಅವನಿಗೂ ಚಪ್ಪಲಿಯ ಉಪದೇಶ ಮಾಡಿದೆ. ಅವನ ಮೇಜು ದೇವರ ಜಗಲಿಯ ಪಕ್ಕದಲ್ಲೇ ಇತ್ತು. “ದೇವರ ಮುಂದ ಕಾಲಾಗ ಚಪ್ಪಲಿ ಹೆಂಗ್ರಿ?” ಎಂದ. ಎರಡನೆಯ ಮಣೆಯನ್ನು ಅವನ ಕೈಗೆ ಕೊಟ್ಟೆ. “ಹೆದರಬೇಡ ಕಣಯ್ಯ. ಮಣೆ ಮೇಲೆ ನಿಂತು ಮುಟ್ಟು, ಅಷ್ಟೇ.” ಅವನು ನನ್ನನ್ನು ನಂಬಿದ. ಟೂಲ್ ರೂಮಿನಲ್ಲಿ ಕೂದಲೆಳೆಯ ಹತ್ತರಲ್ಲೊಂದು ಭಾಗ ತಪ್ಪಿದರೂ ಕೆಲಸವನ್ನು ಮುಖಕ್ಕೆ ಎಸೆಯುವ ಮನುಷ್ಯ ನಾನೆಂದು ಅವನಿಗೆ ಗೊತ್ತಿತ್ತಲ್ಲ.

ಗೊತ್ತಿರಲಿಲ್ಲವೇ ನನಗೆ? ಗೊತ್ತಿತ್ತು. ಪೆಟ್ಟಿಗೆ ಬಿಚ್ಚಿ ನೋಡಬೇಕು, ಗುಂಡಿ ಅಗೆಸಬೇಕು. ಹೊಸ ಟೈಲ್ಸ್ ಒಡೆಸಲು ಮನಸ್ಸು ಬರಲಿಲ್ಲ. ಕಾರಣ ಅಷ್ಟೇ. ಇನ್ನೂ ದೊಡ್ಡ ಕಾರಣವೇನಾದರೂ ಇದ್ದಿದ್ದರೆ ಇದನ್ನು ಬರೆಯುವುದು ಸ್ವಲ್ಪ ಹಗುರಾಗುತ್ತಿತ್ತು.

ಅಂದು ಅಮಾವಾಸ್ಯೆ, ಶನಿವಾರ. ಅವನಿಗೆ ಸೆಕೆಂಡ್ ಶಿಫ್ಟು. ಬೆಳಿಗ್ಗೆ ಹತ್ತರ ಸುಮಾರಿಗೆ ಅವನ ಹೆಂಡತಿ ಮಗಳನ್ನು ಕರೆದುಕೊಂಡು ಜೋಳ ಬೀಸಿಸಲು ಮಿಲ್ಲಿಗೆ ಹೋದಳು. ನಾನು ಕೆಳಗೆ ಪೇಪರ್ ಓದುತ್ತಿದ್ದೆ. ಮೇಲೆ ಚಾರ್ಜರ್ ಪೀಂ ಪೀಂ ಎಂದಿತು. ಬ್ಯಾಟರಿ ತುಂಬಿದರೆ ಅದು ಹಾಗೆ ಕೂಗುತ್ತದೆ, ಯಾರಾದರೂ ಅದರ ಬಟನ್ ಒತ್ತುವವರೆಗೆ. ನಾನು ಕ್ರೀಡಾಪುಟಕ್ಕೆ ಬಂದೆ. ಅದು ಕೂಗುತ್ತಲೇ ಇತ್ತು. ಸ್ನಾನಕ್ಕೆ ಹೋಗಿರಬೇಕು ಎಂದುಕೊಂಡೆ. ಪೇಪರ್ ಮುಗಿಯಿತು. ಅದು ನಿಲ್ಲಲಿಲ್ಲ. ಕಿರಿಕಿರಿಯಾಗಿ, ಬೈಯೋಣವೆಂದೇ ಮೆಟ್ಟಿಲು ಹತ್ತಿದೆ.

ಅವನು ಮೇಜಿನ ಕೆಳಗೆ ಬಿದ್ದಿದ್ದ. ಬರಿಗಾಲು. ಅಮಾವಾಸ್ಯೆ ಎಂದು ಒರೆಸಿದ ನೆಲ ಇನ್ನೂ ಅಲ್ಲಲ್ಲಿ ಒದ್ದೆ ಇತ್ತು. ಮಣೆ ಗೋಡೆಗೆ ಒರಗಿ ನಿಂತಿತ್ತು. ನಾನು ಮೊದಲು ಗೋಡೆಯ ಸ್ವಿಚ್ಚು ಆರಿಸಿದೆ, ಆಮೇಲೆ ಅವನನ್ನು ಮುಟ್ಟಿದೆ. ಮೊದಲು ಸ್ವಿಚ್ಚು ಆರಿಸಬೇಕೆಂದು ನನಗೆ ಹೊಳೆಯಿತಲ್ಲ, ಅದು ಒಂದೇ ಸಾಕು. ಏನಾಗಿದೆ ಎಂದು ಬಾಗಿಲಲ್ಲೇ ನನಗೆ ಗೊತ್ತಾಗಿತ್ತು.

ಎದೆ ಒತ್ತಿದೆ, ಹೆಂಡತಿಯನ್ನು ಕೂಗಿದೆ, ಎದುರು ಮನೆಯವರು ಬಂದರು, ಆಟೋದಲ್ಲಿ ಹಾಕಿಕೊಂಡು ಹತ್ತಿರದ ಕ್ಲಿನಿಕ್ಕಿಗೆ ಓಡಿದೆವು. ವಯಸ್ಸಾದ ಡಾಕ್ಟರು ನೋಡಿ, ಹೃದಯ ನಿಂತಿದೆ ಎಂದರು. ಮೊದಲು ಎದೆ ನೋವೇನಾದರೂ ಇತ್ತೇ ಎಂದು ಕೇಳಿದರು. ಆಗಾಗ ಗ್ಯಾಸ್ ಅಂತಿದ್ದ ಸಾರ್ ಎಂದೆ. ಅದು ಸುಳ್ಳಲ್ಲ. ಹೃದಯ ನಿಂತಿದ್ದೂ ಸುಳ್ಳಲ್ಲ. ಯಾಕೆ ನಿಂತಿತು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಊರಿನಿಂದ ಜನ ಬರುವ ಮೊದಲು ನಾನೊಬ್ಬನೇ ಮೇಲೆ ಹೋಗಿ, ಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಸುತ್ತಿ ಕೆಳಗೆ ತಂದೆ. ಮಗು ಮುಟ್ಟೀತು ಎಂದು ತಂದೆ ಎಂಬ ನೆಪವನ್ನು ಹಲವು ವರ್ಷ ನನಗೆ ನಾನೇ ಹೇಳಿಕೊಂಡೆ. ನನಗೆ ಹೆದರಿಕೆಯಾಗಿತ್ತು. ಅವನ ಹೆಂಡತಿ ಹಿಟ್ಟಿನ ಡಬ್ಬಿ ಹಿಡಿದು ಗೇಟಿಗೆ ಬಂದದ್ದು, ಮಗುವಿನ ಕೂದಲಿನಲ್ಲಿ ಹಿಟ್ಟು ಇದ್ದದ್ದು, ಸುದ್ದಿ ಕೇಳಿ ಅವಳು ಅಳದೆ ಮೇಲಕ್ಕೆ ಓಡಿ ಬಾಗಿಲಲ್ಲಿ ನಿಂತು ಬರೀ ಗೋಡೆಯನ್ನು ನೋಡಿದ್ದು, ಇವು ನನಗೆ ದಿನವೂ ಕಾಣುತ್ತವೆ. ಅಂದು ರಾತ್ರಿಯೇ ಅವನನ್ನು ಊರಿಗೆ ಕರೆದೊಯ್ದರು. ತಿಂಗಳ ಮೇಲೆ ಅವಳ ಅಣ್ಣ ಬಂದು ಸಾಮಾನು ತುಂಬಿಸಿಕೊಂಡು ಹೋದ.

ಆಮೇಲೆ ನಾನು ಸಂಪು ಸೋರುತ್ತಿದೆ ಎಂದು ಸುಳ್ಳು ಹೇಳಿ ಟೈಲ್ಸ್ ಒಡೆಸಿದೆ. ಗುಂಡಿಯ ಮಣ್ಣು ಸುಣ್ಣದಂತೆ ಒಣಗಿತ್ತು. ಹೊಸ ಗುಂಡಿ ತೋಡಿಸಿದೆ, ಕರೆಂಟು ಸೋರಿದರೆ ತಾನೇ ಆರುವ ಸ್ವಿಚ್ಚು ಮೀಟರ್ ಬೋರ್ಡಿನಲ್ಲಿ ಕೂರಿಸಿದೆ. ಹೆಂಡತಿ ಏನೂ ಕೇಳಲಿಲ್ಲ. ಒಂದು ದಿನ ಫ್ರಿಡ್ಜಿನ ಮುಂದಿನ ಮಣೆಯನ್ನು ತಾನೇ ತೆಗೆದು ಪಕ್ಕದ ಮನೆಯವರ ಬಿಸಿನೀರಿನ ಒಲೆಗೆ ಸೌದೆಯಾಗಿ ಕೊಟ್ಟುಬಿಟ್ಟಳು. ಆರು ತಿಂಗಳಾದ ಮೇಲೆ ಅಟ್ಟದಲ್ಲಿ ಕೂತು ಪೆಟ್ಟಿಗೆ ಬಿಚ್ಚಿದೆ. ನಾನು ಬಿಗಿದ ಮುಚ್ಚಳದ ಅಂಚು ಮೇನ್ಸ್ ತಂತಿಯನ್ನು ಹಲ್ಲಿನಂತೆ ಕಚ್ಚಿ ಹಿಡಿದಿತ್ತು. ತಂತಿಯ ತೊಗಲು ಸವೆದು, ಕಡಲೆಕಾಳಿನಷ್ಟು ಜಾಗ ಕಪ್ಪಾಗಿತ್ತು. ವಯರನ್ನು ಬುಡಕ್ಕೆ ಕತ್ತರಿಸಿ ಮತ್ತೆ ಮುಚ್ಚಿಟ್ಟೆ. ಗುಜರಿಗೆ ಹಾಕಲು ಧೈರ್ಯವಾಗಲಿಲ್ಲ, ಯಾರಾದರೂ ಹೊಸ ವಯರು ಹಾಕಿ ಬಳಸಿಯಾರು ಎಂದು.

ವಿಮಾನಗಳನ್ನು ಬಿಟ್ಟೆ. ಪೀಂ ಎನ್ನುವ ಸದ್ದನ್ನು ಬಿಡಲಾಗಲಿಲ್ಲ. ಹಿಂದಕ್ಕೆ ಬರುವ ಕಾರು, ಪಕ್ಕದ ಮನೆಯ ಮೈಕ್ರೋವೇವ್, ಮೆಟ್ರೋದ ಬಾಗಿಲು, ಏನು ಕೂಗಿದರೂ ಯಾರಾದರೂ ನಿಲ್ಲಿಸುವವರೆಗೆ ನನಗೆ ಉಸಿರು ಸರಿಯಾಗಿ ಬರುವುದಿಲ್ಲ. ಎಷ್ಟೋ ಮಧ್ಯಾಹ್ನ ಅದು ಮೇಲಿನಿಂದಲೇ ಕೇಳುತ್ತದೆ, ಮೇಲೆ ಯಾರೂ ಇಲ್ಲದಾಗಲೂ. ಅಂಗಿಯ ಜೇಬಿನಲ್ಲಿ ಟೆಸ್ಟರ್ ಇಟ್ಟುಕೊಂಡೇ ತಿರುಗುತ್ತೇನೆ. ಬೀಗರ ಮನೆಗೆ ಹೋದರೂ ವಾಷಿಂಗ್ ಮೆಷಿನ್ನಿಗೆ ಮುಟ್ಟಿಸಿ ದೀಪ ಹತ್ತುವುದೇ ಎಂದು ನೋಡುತ್ತೇನೆ. ಈಗ ಮೇಲೆ ಡೆಲಿವರಿ ಮಾಡುವ ಇಬ್ಬರು ಹುಡುಗರಿದ್ದಾರೆ. ಅವರ ಸ್ಕೂಟರ್ ಬ್ಯಾಟರಿಯ ಚಾರ್ಜರನ್ನು ವಾರಕ್ಕೊಮ್ಮೆ ಪರೀಕ್ಷೆ ಮಾಡುತ್ತೇನೆ. ‘ಲೈನ್‌ಮ್ಯಾನ್ ಅಂಕಲ್’ ಎಂದು ನನಗೆ ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ.

ಶನಿವಾರ ಅವಳು ಬಂದಳು. ಎತ್ತರ ಅವ್ವನದು, ಕಣ್ಣು ಅಪ್ಪನದು. ನನ್ನ ಕಾಲಿಗೆ ಬಗ್ಗಿದಳು. ನನಗೆ ಹಿಂದೆ ಸರಿಯಬೇಕೆನಿಸಿತು. ಹೆಂಡತಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಫಿ, ಚಕ್ಕುಲಿ ಕೊಟ್ಟಳು. ನಾನು ಹಿಂದಿನ ದಿನವೇ ಹೋಗಿ ಒಂದು ಹೊಸ ಪವರ್ ಸಪ್ಲೈ ತಂದಿಟ್ಟಿದ್ದೆ, ಮುಚ್ಚಿದ ಡಬ್ಬಿ, ಒಳ್ಳೆಯದು. ಅದನ್ನು ಅವಳ ಮುಂದಿಟ್ಟೆ.

“ಅಪ್ಪಂದು ಸಿಗಲಿಲ್ಲೇನ್ರಿ?” ಎಂದಳು.

“ಇಲ್ಲ ಮರಿ. ಯಾವಾಗಲೋ ಗುಜರಿಗೆ ಹೋಗಿರಬೇಕು.”

ಅವಳ ಮುಖ ಸಪ್ಪಗಾಯಿತು, ಆದರೆ ನಂಬಿದಳು. ಇಷ್ಟು ಸುಲಭವೇ ಎನಿಸಿತು. ಹನ್ನೊಂದು ವರ್ಷ ಹೊತ್ತದ್ದನ್ನು ಇನ್ನು ಸಾಯುವವರೆಗೂ ಹೊರಬಹುದು, ಯಾರಿಗೂ ನಷ್ಟವಿಲ್ಲ. ನಿಜ ಹೇಳಬೇಕೆಂದರೆ ನನಗೆ ಆ ಗಳಿಗೆಯಲ್ಲಿ ನೆಮ್ಮದಿಯೇ ಆಯಿತು.

ಅವಳು ಬ್ಯಾಗಿನಿಂದ ಒಂದು ಹಳೆಯ ನೋಟ್‌ಬುಕ್ ತೆಗೆದಳು. ಇಂಥ ದಿನ ಇಷ್ಟು ಚಾರ್ಜು, ಇಷ್ಟು ಹೊತ್ತು ಹಾರಾಟ ಎಂದು ಅವಳ ಅಪ್ಪ ಬರೆದಿಟ್ಟದ್ದು. ಅವನ ದುಂಡು ಅಕ್ಷರ ನೋಡಿ ನನ್ನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಹಿಂದಿನ ಪುಟದಾಗ ನಿಮ್ಮ ಮಾತ ಎಲ್ಲಾ ಬರದಾನ್ರಿ,” ಎಂದು ಹುಡುಗಿ ನಗುತ್ತ ಓದತೊಡಗಿದಳು. “ಬ್ಯಾಟರಿ ಪೂರ್ತಿ ಇಳಿಸಬಾರದು, ಅಣ್ಣಾರು. ಗಾಳಿಗೆ ಎದುರಾಗಿ ಇಳಿಸಬೇಕು, ಅಣ್ಣಾರು. ಪೆಟ್ಟಿಗಿ ಜುಂ ಅಂದ್ರ ಹೆದರಬಾರದು, ಮಣಿ ಮ್ಯಾಲ ನಿಂತು ಮುಟ್ಟಬೇಕು, ಅಣ್ಣಾರು.”

ಅವಳು ತಲೆಯೆತ್ತಿದಳು. “ಇದು ಖರೇನ ಉಪಯೋಗ ಆತ್ರಿ ದೊಡ್ಡಪ್ಪಾರ. ಸೀನಿಯರ್ ಒಬ್ಬರು ಸದ್ಯಕ್ಕ ತಮ್ಮ ಹಳೇ ಪೆಟ್ಟಿಗಿ ಕೊಟ್ಟಾರ್ರಿ. ಪಿ.ಜಿ.ಯಾಗ ಅದೂ ಜುಂ ಅಂತೈತಿ. ಮಣಿ ಎಲ್ಲಿ ಸಿಗಬೇಕು? ಯೋಗಾ ಮ್ಯಾಟ್ ಮ್ಯಾಲ ನಿಂತು ಮುಟ್ತೀನಿ. ಏನೂ ಆಗೂದಿಲ್ಲ.”

ಹೆಂಡತಿ ನನ್ನ ಕಡೆ ನೋಡಿದಳು. “ರೀ,” ಎಂದಳು. ಅಷ್ಟೇ ಎಂದಳು. ಅವಳಿಗೆ ಎಲ್ಲ ಗೊತ್ತಿತ್ತೆಂದು ನನಗೆ ಅಂದು ಗೊತ್ತಾಯಿತು.

ನಾನು ಎದ್ದು ಏಣಿ ಹಾಕಿ ಅಟ್ಟದಿಂದ ದಿಂಬಿನ ಕವರನ್ನು ಇಳಿಸಿದೆ. ಪೆಟ್ಟಿಗೆಯನ್ನು ಹೊಸದರ ಪಕ್ಕದಲ್ಲಿಟ್ಟು, ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದೆ. ಒಂದು ಸ್ಕ್ರೂ ಉರುಳಿ ಸೋಫಾದ ಕೆಳಗೆ ಹೋಯಿತು. ಕಪ್ಪಾದ ಜಾಗದ ಮೇಲೆ ಅವಳ ಬೆರಳನ್ನೇ ಇಡಿಸಿದೆ.

“ಇದನ್ನ ಮುಚ್ಚಿದ್ದು ನಾನು,” ಎಂದೆ. ಆಮೇಲೆ ನಿಲ್ಲಿಸಲಿಲ್ಲ. ಟೈಲ್ಸ್ ಹೇಳಿದೆ, ಗುಂಡಿ ಹೇಳಿದೆ, ಮಣೆ ಕೊಟ್ಟದ್ದು ಹೇಳಿದೆ, ಅಂದು ಅದು ಗೋಡೆಗೆ ಒರಗಿದ್ದದ್ದು ಹೇಳಿದೆ, ಸ್ವಿಚ್ಚು ಆರಿಸಿದ್ದು ಹೇಳಿದೆ, ಡಾಕ್ಟರಿಗೆ ಗ್ಯಾಸ್ ಎಂದದ್ದು ಹೇಳಿದೆ, ಟವೆಲ್ಲಿನಲ್ಲಿ ಸುತ್ತಿ ತಂದದ್ದು ಹೇಳಿದೆ. “ನಿಮ್ಮಪ್ಪಂಗೆ ಹಾರ್ಟ್ ಅಟ್ಯಾಕ್ ಆಗಿರ್ಲಿಲ್ಲ ಮರಿ. ಶಾಕ್ ಹೊಡೆದಿದ್ದು. ಆ ಪುಟ ಹರಿದು ಹಾಕು. ಪಿ.ಜಿ. ಪೆಟ್ಟಿಗೆ ಇವತ್ತೇ ಕಿತ್ತು ಹಾಕು.”

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಎದ್ದು ಹೋಗುತ್ತಾಳೆ ಎಂದುಕೊಂಡಿದ್ದೆ. ಅವಳು ಆ ಕಪ್ಪು ಜಾಗವನ್ನು ಮತ್ತೊಮ್ಮೆ ಬೆರಳಿನಿಂದ ಸವರಿದಳು.

“ಮಣಿ ಯಾಕ ಗೋಡಿಗೆ ಇತ್ತು ಗೊತ್ತೇನ್ರಿ?” ಎಂದಳು. “ನೆಲಾ ಒರಸಾಕ ಅವ್ವ ಎತ್ತಿಟ್ಟಿದ್ಲು.”

ನಾನು ಕೈಯಲ್ಲಿದ್ದ ಮುಚ್ಚಳವನ್ನು ಕೆಳಗಿಟ್ಟೆ.

“ಅವ್ವ ಅವತ್ತಿಂದ ಒಂದ ಮಾತು ಅಂತಾಳ್ರಿ. ನಾ ಮಣಿ ಎತ್ತಿಟ್ಟೆ, ನಾ ಮಣಿ ಎತ್ತಿಟ್ಟೆ ಅಂತ. ಜ್ವರ ಬಂದ್ರೂ ಅದನ್ನ ಕನವರಿಸ್ತಾಳ. ಅಮಾಸಿ ದಿನ ಮಣಿ ಎತ್ತಬಾರದೇನೋ, ಅಪಶಕುನ ಇರಬೇಕು ಅಂತ ನಾವು ತಿಳ್ಕೊಂಡಿದ್ವಿ. ಅಜ್ಜಿ ದೇವರಿಗೆ ತಪ್ಪು ಕಾಣಿಕಿನೂ ಹಾಕಿಸಿದ್ಲು. ಆಕಿಗೆ ಅವತ್ತ ತಿಳದಿತ್ತು. ಅಪ್ಪಗ ಶಾಕ್ ಹೊಡದೈತಿ, ತಾನ ಕಾರಣ ಅಂತ ತಿಳದಿತ್ತು. ಈಗ ಗೊತ್ತಾತ್ರಿ ನನಗ.”

ಹನ್ನೊಂದು ವರ್ಷ ನಾನು ನನ್ನೊಬ್ಬನ ಪಾಪವನ್ನು ಹೊತ್ತಿದ್ದೇನೆ ಎಂದುಕೊಂಡಿದ್ದೆ. ಅದರಲ್ಲಿ ಒಂದು ಜಂಬವೂ ಇತ್ತೇನೋ. ಹೊತ್ತವಳು ಇವಳ ಅವ್ವ. ನಾನು ಅವಳ ತಲೆಯ ಮೇಲೆ ಇಟ್ಟು ಬಂದಿದ್ದೆ, ಅಷ್ಟೇ.

ಹುಡುಗಿ ಮೊಬೈಲ್ ತೆಗೆದು ಅವ್ವನ ನಂಬರು ಒತ್ತಿದಳು. ಸ್ಪೀಕರ್ ಹಾಕಿ ಟೀಪಾಯಿಯ ಮೇಲೆ ನನ್ನ ಕಡೆ ಸರಿಸಿದಳು. “ನಾ ಹೇಳೂದಿಲ್ರಿ. ನೀವ ಹೇಳ್ರಿ.”

ಆ ಕಡೆ ಅವ್ವ ಎತ್ತಿದಳು. ಮಗಳು, ದೊಡ್ಡಪ್ಪಾರು ಮಾತಾಡ್ತಾರಂತ ಎಂದಳು. ಆಮೇಲೆ, “ಅಣ್ಣಾರ, ಆರಾಮ ಅದೀರೇನ್ರಿ? ವೈನ್ಯಾರು ಆರಾಮ ಅದಾರ?” ಎಂದು ಅಣ್ಣ ಅತ್ತಿಗೆಯನ್ನು ವಿಚಾರಿಸುವ ಅದೇ ದನಿ, ಸ್ವಲ್ಪ ಬಳಲಿದ್ದು.

“ಆರಾಮಿದೀವಿ ಕಣಮ್ಮ. ನಿನಗೊಂದು ಮಾತು ಹೇಳ್ಬೇಕು.” ಹೇಳಿದೆ. ಮಗಳಿಗೆ ಹೇಳಿದ್ದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳಿದೆ. ಪೆಟ್ಟಿಗೆ ನಾನು ಕೆಡಿಸಿದ್ದು, ಗುಂಡಿ ನಾನು ಮುಚ್ಚಿಸಿದ್ದು, ಮಣೆಯ ಬುದ್ಧಿ ಹೇಳಿದ್ದೂ ನಾನೇ. “ಮಣೆ ಇದ್ದಿದ್ರೂ ಅವತ್ತಲ್ಲ ಇನ್ನೊಂದಿನ ಆಗ್ತಿತ್ತು ಕಣಮ್ಮ. ತಪ್ಪು ನಂದು. ಅವತ್ತೇ ಹೇಳ್ಬೇಕಿತ್ತು. ಹೆದರಿಕೊಂಡೆ.”

ಆ ಕಡೆ ಕುಕ್ಕರ್ ಒಂದು ಸಲ ಕೂಗಿತು. ಅವಳು ಆರಿಸಲು ಹೋದಳೋ ಇಲ್ಲವೋ ತಿಳಿಯಲಿಲ್ಲ.

“ಅಂದ್ರ ನಾ ಅಲ್ಲೇನ್ರಿ?” ಎಂದಳು.

“ಅಲ್ಲಮ್ಮ.”

“ನಾ ಅಲ್ಲೇನ್ರಿ ಅಣ್ಣಾರ?”

“ಅಲ್ಲ ಕಣಮ್ಮ. ನೀನಲ್ಲ.”

ಅವಳು ಮತ್ತೆ ಕೇಳಿದಳು. ನಾನು ಮತ್ತೆ ಹೇಳಿದೆ. ಅವಳು ಕೇಳುತ್ತಲೇ ಇದ್ದಳು, ನಾನು ಪ್ರತಿಸಲವೂ ಹೇಳಿದೆ.